ಇಳಿದ ಕಂಠ, ಏರಿದ ಗಾನ



ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ರಾಜೇಶ್ವರವೆಂಬುದೊಂದು ಊರಿದೆ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರು ಅದನ್ನು ಕ್ಷಣಮಾತ್ರದಲ್ಲಿ ದಾಟಿಹೋಗುವರು. ಆದರೆ ಅಲ್ಲಿ ನಿಂತು ಎರಡು ದಿಕ್ಕಿಗೂ ಕಿವಿಗೊಟ್ಟವನಿಗೆ ಎರಡು ಹಳೆಯ ನಾದಗಳು ಕೇಳಿಬಂದಾವು. ಒಂದು ಕಡೆ ಕಲ್ಯಾಣ: ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ, ಬಳಿಕ ಶರಣರ ನೆಲೆ. ಇನ್ನೊಂದು ಕಡೆ ಹುಮನಾಬಾದಿನ ಬಳಿಯ ಮಾಣಿಕನಗರ: 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸಂಸ್ಥಾನ, ಕನ್ನಡ, ಮರಾಠಿ, ಉರ್ದು ಎಂಬ ಭೇದವಿಲ್ಲದೆ ಪದಗಳು ಹುಟ್ಟಿದ ಸ್ಥಳ. ಗಾನಕ್ಕೂ ಈ ನೆಲಕ್ಕೂ ಇರುವ ನಂಟು ಇಂದುನಿನ್ನೆಯದಲ್ಲ.

ಇಂದಿನ ನಮ್ಮ ಭಾಷಣದ ವಿಷಯ ಒಬ್ಬ ಗಾಯಕಿಯ ಕಚೇರಿಯ ಜೀವನ. ಆಕೆ ಹುಟ್ಟಿದುದು ಧಾರವಾಡದಲ್ಲಿ, ಬಾಳಿದುದು ಹುಬ್ಬಳ್ಳಿಯಲ್ಲಿ. ಶ್ರೀಮತಿ ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹಾಗಾದರೆ ರಾಜೇಶ್ವರದ ದಾರಿಯಿಂದ ಕಥೆಯನ್ನು ಪ್ರಾರಂಭಿಸಿದುದೇಕೆಂದು ಕೇಳಬಹುದು. ಕಾರಣ ಎರಡಿವೆ. ಕಂಠವೆಂದರೇನು ಎಂಬ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿ ಶಾಸ್ತ್ರವಾಗಿ ವಿಚಾರಮಾಡಿದ ಹಳೆಯ ಸ್ಥಳಗಳಲ್ಲಿ ಕಲ್ಯಾಣವೂ ಒಂದು. ಹಾಡುವವರ ಕುಲ ಯಾವುದು ಎಂಬ ಪ್ರಶ್ನೆಯನ್ನು ಕೇಳಕೂಡದೆಂದು ಧೈರ್ಯವಾಗಿ ಹೇಳಿದ ಸ್ಥಳವೂ ಕಲ್ಯಾಣವೇ. ಗಂಗೂಬಾಯಿಯವರ ಜೀವನದಲ್ಲಿ ಈ ಎರಡು ಪ್ರಶ್ನೆಗಳೂ ಒಟ್ಟಿಗೆ ಎದುರಾದವು.

ಮೊದಲು ಶಾಸ್ತ್ರದ ಮಾತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನು ತಿಳಿಯಬೇಕಾದ ಸಕಲ ವಿಷಯಗಳೂ ಅದರಲ್ಲಿವೆ. ಆನೆಯ ಲಕ್ಷಣವಿದೆ, ಅಡಿಗೆಯ ಕ್ರಮವಿದೆ, ಗೀತವಿನೋದವೆಂಬ ಭಾಗವೂ ಇದೆ. ಅರಸನು ಅರಮನೆಯ ಹಾಡಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುವರೆಂಬುದನ್ನು ಸಹ ಬರೆದಿಟ್ಟಿರುವನು. ಅವನ ಮಗ ಜಗದೇಕಮಲ್ಲನು 'ಸಂಗೀತಚೂಡಾಮಣಿ'ಯನ್ನು ಬರೆದನು. ಮುಂದೆ ಹದಿಮೂರನೆಯ ಶತಮಾನದಲ್ಲಿ, ಕಲ್ಯಾಣಕ್ಕೆ ಬಹುದೂರವಲ್ಲದ ದೇವಗಿರಿಯಲ್ಲಿ ಶಾರ್ಙ್ಗದೇವನ 'ಸಂಗೀತರತ್ನಾಕರ' ಹುಟ್ಟಿತು.

ಆ ಗ್ರಂಥದಲ್ಲಿ ಸ್ವರದ ಸ್ಥಾನಗಳು ಮೂರು. ಎದೆಯಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಶಿರಸ್ಸಿನಲ್ಲಿ ತಾರ. ಕಂಠಧ್ವನಿಯನ್ನು ಖಾಹುಲ, ನಾರಾಟ, ಬೊಂಬಕ, ಮಿಶ್ರಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವರು. ಕಫ, ಪಿತ್ತ, ವಾತಗಳೂ ಅವುಗಳ ಬೆರಕೆಯೂ ಈ ವಿಂಗಡಣೆಗೆ ಆಧಾರ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ನಾಲ್ಕು ಬಗೆಗಳಲ್ಲಿ ಯಾವುದೂ ಹೆಣ್ಣಿನದು, ಯಾವುದೂ ಗಂಡಿನದು ಎಂದು ಹೆಸರುಪಡೆದಿಲ್ಲ. ಸ್ನಿಗ್ಧವೋ ರೂಕ್ಷವೋ, ಗಂಭೀರವೋ ಪೊಳ್ಳೋ ಎಂಬುದೇ ಅಲ್ಲಿಯ ವಿಚಾರ.

ಪಶ್ಚಿಮ ದೇಶಗಳ ಪದ್ಧತಿ ಬೇರೆ. ಅಲ್ಲಿ ಹೆಣ್ಣಿನ ಕಂಠಗಳಲ್ಲಿ ಅತ್ಯುಚ್ಚವಾದುದಕ್ಕೆ ಸೊಪ್ರಾನೊ ಎಂದು ಹೆಸರು. ಅದರ ಕೆಳಗೆ ಮೆಟ್ಸೊ, ಅದರ ಕೆಳಗೆ ಆಲ್ಟೊ. ಗಂಡಿನ ಕಂಠಗಳಿಗೆ ಟೆನರ್, ಬ್ಯಾರಿಟೋನ್, ಬಾಸ್. ವಾಗ್ಗೇಯಕಾರನು ಒಂದು ಹಾಡನ್ನು ರಚಿಸುವಾಗಲೇ ಅದು ಇಂತಹ ಕಂಠಕ್ಕೆಂದು ನಿರ್ಧರಿಸಿ, ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ನಿಲ್ಲಿಸಿಬಿಡುವನು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಇನ್ನೊಂದು ಕವಲೂ ಒಡೆಯಿತು. ಮೂರು ನಾಲ್ಕು ಶತಮಾನಗಳ ಹಿಂದಿನ ಸಂಗೀತವನ್ನು ಆ ಕಾಲದ ವಾದ್ಯಗಳೊಡನೆ ಆ ಕಾಲದ ರೀತಿಯಲ್ಲಿಯೇ ಹಾಡಬೇಕೆಂಬ ಪ್ರಾಚೀನಸಂಗೀತದ ಪಕ್ಷವೊಂದು. ಜೀವಿಸಿರುವ ರಚನಕಾರರ ಹೊಚ್ಚಹೊಸ ಕೃತಿಗಳನ್ನು ಹಾಡಬೇಕೆಂಬ ನವೀನರ ಪಕ್ಷವೊಂದು. ಎರಡರಲ್ಲಿಯೂ ಹೆಸರು ಗಳಿಸಿದ ಗಾಯಕಿಯರು ಕೆಲವರುಂಟು. ಮುಂಬಯಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಸೊಪ್ರಾನೊ ಪೆಟ್ರಿಷಿಯ ರೊಜಾರಿಯೊ ಅವರು ಹ್ಯಾಂಡಲನ ಹಳೆಯ ಕೃತಿಗಳನ್ನೂ ಹಾಡಿದರು. ಜಾನ್ ಟ್ಯಾವೆನರ್ ಎಂಬ ಆಧುನಿಕ ರಚನಕಾರನು ಅವರ ಕಂಠವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊಸ ಕೃತಿಗಳನ್ನು ಬರೆದನು.

ನಮ್ಮಲ್ಲಿ ಹಳೆಯದು ಹೊಸದು ಎಂಬ ಈ ಗೋಡೆ ಹೀಗೆ ಎದ್ದಿಲ್ಲ. ದಿಲ್ಲಿಯ ಬಾದಶಹ ಮಹಮ್ಮದ ಶಹನು 1719ರಿಂದ 1748ರವರೆಗೆ ಆಳಿದನು. ಅವನ ಆಸ್ಥಾನದ ಸದಾರಂಗನು ಕಟ್ಟಿದ ಖ್ಯಾಲುಗಳನ್ನು ಗವಾಯಿಗಳು ಈಗಲೂ ಹಾಡುವರು. ಚೀಜು ಎರಡೇ ಸಾಲಿನದು, ಬಹು ಹಳೆಯದು. ಅದರ ಸುತ್ತ ಬೆಳೆಯುವ ಆಲಾಪವೂ ತಾನೂ ಆ ರಾತ್ರಿಯವು, ಅಂದೇ ಹುಟ್ಟಿದವು. ಒಂದೇ ಕಚೇರಿಯಲ್ಲಿ ಪ್ರಾಚೀನವೂ ನವೀನವೂ ಹಾಲುನೀರಿನಂತೆ ಬೆರೆತಿರುವುವು. ನಮ್ಮ ಷಡ್ಜಕ್ಕೆ ಸಹ ಕಟ್ಟುಪಾಡಿಲ್ಲ. ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಎತ್ತರದಲ್ಲಿ ಷಡ್ಜವನ್ನು ಹಿಡಿದು ತಂಬೂರಿಯನ್ನು ಶ್ರುತಿಮಾಡಿಕೊಳ್ಳುವರು. ರಾಗವು ಅಲ್ಲಿಂದ ಏಳುವುದು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಒಬ್ಬ ಗಾಯಕಿಯ ಬಾಳು ಉಳಿದುದು ಈ ಒಂದು ನಿಯಮದ ಬಲದಿಂದ.

ಶಾಸ್ತ್ರದಲ್ಲಿ ಇಲ್ಲದ ಕಟ್ಟುಪಾಡು ರೂಢಿಯಲ್ಲಿತ್ತು. ಹೆಣ್ಣು ಹಾಡಿದರೆ ಧ್ವನಿ ತೆಳುವಾಗಿ, ಎತ್ತರವಾಗಿ, ಮಧುರವಾಗಿ ಇರಬೇಕೆಂದು ಕೇಳುವವರು ಬಯಸುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಯಂತ್ರದ ಮುಂದೆ ಹಾಡಿದ ಗೌಹರ್ ಜಾನಳ ಕಂಠವು ಉಚ್ಚವಾದುದು; ಆ ಕಾಲದ ಯಂತ್ರದ ಕಹಳೆಗೆ ಅಂತಹ ಕಂಠವೇ ಚೆನ್ನಾಗಿ ಹಿಡಿಯುತ್ತಿತ್ತು. ಆಕೆ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ಬಳಿಕ ಬಂದ ಹೀರಾಬಾಯಿ ಬಡೋದೆಕರ್ ಅವರು ಕಿರಾನಾ ಘರಾಣೆಯ ಗುರು ಅಬ್ದುಲ್ ಕರೀಂಖಾನರ ಮಗಳು. 1905ರಲ್ಲಿ ಹುಟ್ಟಿ 1989ರವರೆಗೆ ಬಾಳಿದ ಅವರ ಕಂಠವು ಹೂವಿನೆಸಳಿನಂತೆ ನವುರಾದುದು. ಪಶ್ಚಿಮದ ಹೆಸರನ್ನು ಎರವಲು ತರುವುದಾದರೆ, ಹೀರಾಬಾಯಿಯವರನ್ನು ಕಿರಾನಾ ಘರಾಣೆಯ ಸೊಪ್ರಾನೊ ಎನ್ನಬಹುದು. ಟಿಕೇಟು ಕೊಂಡು ಬಂದ ಸಭಿಕರ ಮುಂದೆ, ನಾಟ್ಯವಿಲ್ಲದೆ ಅಭಿನಯವಿಲ್ಲದೆ, ಗಂಡಸರಂತೆ ಕುಳಿತು ಖ್ಯಾಲನ್ನು ಹಾಡುವ ಪದ್ಧತಿಯನ್ನು ಹೆಂಗಸರಿಗೆ ತೆರೆದುಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಗಂಗೂಬಾಯಿಯವರು ಅವರ ಹಿಂದೆ ಅದೇ ಘರಾಣೆಯ ಹಾದಿಯಲ್ಲಿ ಬಂದವರು.

ಗಂಗೂಬಾಯಿಯವರು ಜನಿಸಿದುದು 1913ನೆಯ ಮಾರ್ಚಿ 5ನೆಯ ದಿನ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ವಂಶಪಾರಂಪರ್ಯವಾಗಿ ಹಾಡಿಕೆಯನ್ನು ಕಸುಬಾಗಿ ಉಳ್ಳ ಮನೆತನ. ಸಮಾಜವು ಅಂತಹವರ ಹಾಡನ್ನು ಬಯಸಿ, ಅಂತಹವರನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದ ಕಾಲ. ಧಾರವಾಡದ ಶುಕ್ರವಾರಪೇಟೆಯಲ್ಲಿ ಬ್ರಾಹ್ಮಣರ ಮನೆಗಳ ನಡುವೆ ಇವರ ಮನೆ. ನೆರೆಯ ಶ್ರೀಮಂತರ ತೋಟದಲ್ಲಿ ಮಾವಿನಕಾಯಿಗೆ ಕೈಹಾಕಿದ ಬಾಲಕಿಯನ್ನು ಮನೆಯವರು ಗದರಿಸಿದರು. ಕಾಯಿ ಹೋದುದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲಾ ಎಂಬುದು ಅವರಿಗೆ ದೊಡ್ಡದಾಗಿ ತೋರಿತು. ವರ್ಷಗಳ ಬಳಿಕ ಅಂತಹ ಮನೆಗಳವರೇ ತಮ್ಮನ್ನು ಕರೆದು ಸತ್ಕರಿಸಿದರೆಂದು ಗಂಗೂಬಾಯಿಯವರು ಮುಪ್ಪಿನಲ್ಲಿ ನಗುನಗುತ್ತ ಹೇಳುತ್ತಿದ್ದರು. ಆ ನಗೆಯ ಅಡಿಯಲ್ಲಿ ಏನಿತ್ತೆಂಬುದನ್ನು ಕೇಳುವವರು ತಾವೇ ಊಹಿಸಿಕೊಳ್ಳಬೇಕು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆ ನೆರೆಯಿತು. ಮಹಾತ್ಮ ಗಾಂಧಿಯವರು ಅಧ್ಯಕ್ಷಸ್ಥಾನವನ್ನು ವಹಿಸಿದುದು ಆ ಒಂದು ಅಧಿವೇಶನದಲ್ಲಿ ಮಾತ್ರ. ಅಲ್ಲಿ ಸ್ವಾಗತಗೀತವನ್ನು ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬಳು. ಅಷ್ಟು ದೊಡ್ಡ ಸಭೆಯ ಮುಂದೆ ಹಾಡುವಾಗ ಆ ಬಾಲಕಿಗೆ ಯಾವ ಭಯವಿದ್ದಿರಬೇಕು? ಶ್ರುತಿ ತಪ್ಪೀತೆಂಬ ಭಯವೆಂದು ನಾವು ತಿಳಿಯುವೆವು. ಅವರು ತಾವೇ ಮುಂದೆ ಹೇಳಿರುವ ಪ್ರಕಾರ ಅವರನ್ನು ಕಾಡಿದ ಭಯ ಬೇರೆ. ಕೆಳಜಾತಿಯವಳೆಂದು, ಊಟವಾದ ಮೇಲೆ ಎಲೆಯನ್ನು ತನ್ನಿಂದಲೇ ಎತ್ತಿಸುವರೇನೋ ಎಂಬ ಚಿಂತೆ. ಸ್ವಾತಂತ್ರ್ಯದ ಮಾತು ಮೊಳಗುತ್ತಿದ್ದ ಚಪ್ಪರದಲ್ಲಿ, ಹಾಡುವ ಮಗುವಿನ ಮನಸ್ಸು ಎಂಜಲೆಲೆಯ ಮೇಲೆ ನೆಟ್ಟಿತ್ತು. ಇತಿಹಾಸವನ್ನು ಬರೆಯುವವರು ಅಧ್ಯಕ್ಷಭಾಷಣವನ್ನು ಬರೆದಿಡುವರು. ಈ ಚಿಂತೆಯನ್ನೂ ಅದರ ಪಕ್ಕದಲ್ಲಿ ಬರೆಯತಕ್ಕದ್ದು ನ್ಯಾಯ.

ತಾಯಿಯ ವಿಚಾರವಾಗಿ ಇನ್ನೊಂದು ಮಾತು. ಅಂಬಾಬಾಯಿಯವರ ಹಾಡಿಕೆ ಸಾಮಾನ್ಯವಾದುದಲ್ಲ; ಅಬ್ದುಲ್ ಕರೀಂಖಾನರಂತಹವರೇ ಬಂದು ಕೇಳುತ್ತಿದ್ದರು. ಆದರೆ ಮಗಳ ಒಲವು ಹಿಂದುಸ್ತಾನಿ ಪದ್ಧತಿಯ ಕಡೆಗೆ ಹರಿಯಿತು. ಧಾರವಾಡದ ಸೀಮೆಯಲ್ಲಿ ಆಗ ಎರಡು ಪದ್ಧತಿಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ತನ್ನ ಹಾಡಿಕೆಯ ನೆರಳು ಮಗಳ ಕಂಠದ ಮೇಲೆ ಬಿದ್ದು, ಹೊಸ ಅಭ್ಯಾಸವು ಕೆಟ್ಟೀತೆಂದು ಎಣಿಸಿ, ತಾಯಿಯು ತಾನು ಹಾಡುವುದನ್ನೇ ನಿಲ್ಲಿಸಿದಳು. 1928ರಲ್ಲಿ ಸಂಸಾರವು ಹುಬ್ಬಳ್ಳಿಗೆ ಬಂದಿತು. ಅಂಬಾಬಾಯಿಯವರು 1932ರಲ್ಲಿ ಕಾಲವಾದರು. ಹೀಗೆ ಒಂದು ಗಾನವು ಬೆಳೆಯುವುದಕ್ಕಾಗಿ ಇನ್ನೊಂದು ಗಾನವು ಬಾಯಿಕಟ್ಟಿಕೊಂಡಿತು. ಪ್ರಾಚೀನವೂ ನವೀನವೂ ಸುಲಭವಾಗಿ ಬೆರೆಯುವುವೆಂದು ಈಗತಾನೆ ಹೇಳಿದೆವು. ಆ ಬೆರಕೆಗೆ ಯಾರು ಬೆಲೆ ತೆತ್ತರೆಂಬುದನ್ನೂ ಹೇಳದಿದ್ದರೆ ಮಾತು ಅರ್ಧವಾದೀತು.

ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರ ಅವರೂ ದತ್ತೋಪಂತ ದೇಸಾಯಿಯವರೂ ಮೊದಲ ಪಾಠಗಳನ್ನು ಹೇಳಿದರು. ಅನಂತರ ದೊರೆತ ಗುರುಗಳು ರಾಮಭಾವು ಕುಂದಗೋಳಕರ್, ಎಂದರೆ ಸವಾಯಿ ಗಂಧರ್ವರು. ಅಬ್ದುಲ್ ಕರೀಂಖಾನರ ಶಿಷ್ಯರಾದ ಇವರು 1886ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡರು. ಮರಾಠಿ ನಾಟಕ ಮಂಡಳಿಗಳಲ್ಲಿ ಸ್ತ್ರೀಪಾತ್ರವನ್ನು ಧರಿಸಿ ಹಾಡಿ ಹೆಸರಾದವರು. ಅವರ ಊರಾದ ಕುಂದಗೋಳವು ಹುಬ್ಬಳ್ಳಿಗೆ ಸಮೀಪ. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಗುರುಗಳು ಅಲ್ಲಿ ನೆಲೆನಿಂತ ಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಪಾಠವನ್ನು ಮುಗಿಸಿ, ಕತ್ತಲಾದ ಮೇಲೆ ರೈಲಿನಲ್ಲಿಯೇ ಹಿಂದಿರುಗುತ್ತಿದ್ದರು. ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದ ಹುಡುಗನೊಬ್ಬನು ಅವರನ್ನು ನಿಲ್ದಾಣದವರೆಗೆ ಕಳುಹಿಸಿಬರುತ್ತಿದ್ದನು. ಆ ಹುಡುಗನೇ ಭೀಮಸೇನ ಜೋಶಿ.

ಪಾಠದ ಕ್ರಮ ಕಠಿನವಾದುದು. ಅನೇಕ ರಾಗಗಳನ್ನು ಬೇಗಬೇಗನೆ ಹೇಳಿಕೊಡುವ ಅಭ್ಯಾಸ ಆ ಗುರುಗಳಿಗಿರಲಿಲ್ಲ. ಕೆಲವೇ ರಾಗಗಳು, ಒಂದೊಂದು ಪಲುಕನ್ನೂ ಗಂಟೆಗಟ್ಟಲೆ ತಿದ್ದುವುದು. ಜಿಪುಣನು ಹಣವನ್ನು ಎಣಿಸೆಣಿಸಿ ವೆಚ್ಚಮಾಡುವಂತೆ ಸ್ವರವನ್ನು ವೆಚ್ಚಮಾಡಬೇಕು. ಒಂದು ಸ್ವರದ ಬೆಲೆಯು ಕೇಳುವವರಿಗೆ ತಿಳಿದ ಮೇಲೆಯೇ ಮುಂದಿನ ಸ್ವರವನ್ನು ಬಿಚ್ಚಬೇಕು. ಇದೇ ಆ ಶಿಕ್ಷಣದ ತಿರುಳು. ಮಂದ್ರದಲ್ಲಿ ಮೊದಲು ಮಾಡಿ ಒಂದೊಂದೇ ಮೆಟ್ಟಿಲೇರುವ ಕಿರಾನಾ ಘರಾಣೆಯ ಬಢತ್ತಿನ ಸೊಗಸು ಈ ಸಂಯಮದಲ್ಲಿದೆ. ಭೈರವ, ಅಸಾವರಿ, ತೋಡಿ, ಭೀಮಪಲಾಸ, ಮಾರವಾ, ಕೇದಾರ, ಚಂದ್ರಕೌಂಸ — ಗಂಗೂಬಾಯಿಯವರ ಹೆಸರಿನೊಡನೆ ನೆನಪಿಗೆ ಬರುವ ರಾಗಗಳು ಇಂತಹವೇ.

ಗುರುಗಳ ಬಳಿ ಈ ದೀರ್ಘ ಶಿಕ್ಷಣವು ನಡೆಯುವುದಕ್ಕೆ ಮೊದಲೇ ಕಚೇರಿಯ ಜೀವನವು ಪ್ರಾರಂಭವಾಗಿತ್ತು. 1930ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಹಾಡಿದರು. ಎಚ್.ಎಂ.ವಿ. ಕಂಪೆನಿಯವರು ಅವರ ಹಾಡುಗಳನ್ನು ಮುದ್ರಿಸಿಕೊಂಡು ಗಾಂಧಾರಿ ಹಾನಗಲ್ ಎಂಬ ಹೆಸರಿನಿಂದ ತಟ್ಟೆಗಳನ್ನು ಹೊರಡಿಸಿದರು. ಒಂದು ಮಗ್ಗುಲಿಗೆ ಮೂರು ನಿಮಿಷ ಮಾತ್ರ ಹಿಡಿಯುವ ತಟ್ಟೆ. ಅಷ್ಟರಲ್ಲಿಯೇ ರಾಗವೂ ಮುಗಿಯಬೇಕು, ತಾನೂ ಮುಗಿಯಬೇಕು. ರಾಗದ ಹಾಡುಗಳು ಮಾತ್ರವಲ್ಲದೆ, ಜಿ.ಎನ್. ಜೋಶಿಯವರೊಡನೆ ಹಾಡಿದ ಮರಾಠಿ ಯುಗಳ ಭಾವಗೀತಗಳೂ ಮನೆಮನೆಗೆ ಹರಡಿದವು. ಆ ಕಾಲಕ್ಕೆ ಭಾವಗೀತವೆಂಬುದು ಹೊಚ್ಚಹೊಸ ಸಂಗೀತ. ಹೊಸ ಕವಿಗಳ ಹೊಸ ಮಾತಿಗೆ ಹೊಸ ಧಾಟಿ. ಆ ತಟ್ಟೆಗಳನ್ನು ಈಗ ಕೇಳಿದವರು ಬೆರಗಾಗುವರು. ಅಲ್ಲಿ ಕೇಳಿಬರುವುದು ತೆಳುವಾದ, ಮೇಲಕ್ಕೆ ಚಿಮ್ಮುವ, ಎಳೆಯ ಹೆಣ್ಣುಧ್ವನಿ. ನಾವು ಬಲ್ಲ ಗಂಗೂಬಾಯಿಯವರು ಇವರೇ ಹೌದೋ ಅಲ್ಲವೋ ಎಂದು ಸಂಶಯ ಬರುವಷ್ಟು ಬೇರೆಯಾದುದು.

ಆಮೇಲೆ ಬಂದುದು ಕಂಠದ ರೋಗ. ಗಂಟಲಿನ ವ್ಯಾಧಿಗೆ ಚಿಕಿತ್ಸೆಯಾಯಿತು. ರೋಗವು ಹೋಯಿತು, ಅದರೊಡನೆ ಹಳೆಯ ಧ್ವನಿಯೂ ಹೋಯಿತು. ಉಳಿದುದು ತಗ್ಗಾದ, ದಪ್ಪನಾದ, ಗಂಡುಧ್ವನಿಯಂತಹ ಕಂಠ. ಹಾಡಿಕೆಯೇ ಅನ್ನವಾದ ಮನೆಯಲ್ಲಿ ಇದೆಂತಹ ಆಪತ್ತೆಂಬುದನ್ನು ವಿವರಿಸಬೇಕಾದುದಿಲ್ಲ. ಹೆಣ್ಣಿನ ಮಾಧುರ್ಯವನ್ನು ಬಯಸಿ ಬರುವ ಸಭಿಕರ ಮುಂದೆ ಈ ಕಂಠವನ್ನು ಹೇಗೆ ತೋರುವುದು?

ಇಲ್ಲಿ ಎರಡು ಪದ್ಧತಿಗಳ ಭೇದವು ಒಡೆದು ಕಾಣುವುದು. ಪಶ್ಚಿಮದ ಸೊಪ್ರಾನೊ ಒಬ್ಬಳ ಕಂಠವು ಹೀಗೆ ಅರ್ಧ ಸ್ಥಾಯಿಯಷ್ಟು ಕುಸಿದರೆ, ಅವಳಿಗೆಂದು ಬರೆದಿಟ್ಟ ಪಾತ್ರಗಳೆಲ್ಲವೂ ಒಂದೇ ದಿನದಲ್ಲಿ ಅವಳ ಕೈಬಿಟ್ಟುಹೋಗುವುವು; ಏಕೆಂದರೆ ಅವುಗಳ ಸ್ವರಗಳು ಕಾಗದದ ಮೇಲೆ ನಿಂತಿರುವುವು, ಅವಳಿಗಾಗಿ ಇಳಿದುಬರಲಾರವು. ನಮ್ಮಲ್ಲಿ ತಂಬೂರಿಯ ತಂತಿಯನ್ನು ಸಡಿಲಿಸಿ ಷಡ್ಜವನ್ನು ಕೆಳಗಿಳಿಸಿದರೆ, ತೋಡಿಯು ತೋಡಿಯಾಗಿಯೇ, ಮಾರವಾ ಮಾರವಾ ಆಗಿಯೇ ಷಡ್ಜದೊಡನೆ ಇಳಿದುಬರುವುದು. ಒಂದು ಸ್ವರವೂ ನಷ್ಟವಾಗದು. ಶಾಸ್ತ್ರವು ಇಷ್ಟು ಉಪಕಾರವನ್ನು ಮಾಡಿತು. ಮಿಕ್ಕುದನ್ನು ಗಾಯಕಿಯೇ ಮಾಡಬೇಕಾಗಿತ್ತು. ಹಳೆಯ ಚುರುಕಿನ ಅಲಂಕಾರಗಳು ಹೊಸ ಕಂಠಕ್ಕೆ ಹೊಂದುವಂತಿರಲಿಲ್ಲ. ಆಗ ಗುರುಗಳ ಜಿಪುಣತನದ ಪಾಠವು ಕೈಹಿಡಿಯಿತು. ಒಂದೊಂದು ಸ್ವರವನ್ನೂ ಎದೆಯ ಬಲದಿಂದ ನಿಲ್ಲಿಸಿ, ಮಂದ್ರದಲ್ಲಿಯೇ ರಾಗದ ಅರ್ಧವನ್ನು ಕಟ್ಟಿ, ತಾರಸ್ಥಾನವನ್ನು ಬೆಟ್ಟದ ಶಿಖರದಂತೆ ಕೊನೆಗೆ ತೋರಿಸುವ ಗಾನವು ರೂಪುಗೊಂಡಿತು. ಆ ಕಂಠವನ್ನು ಮೊದಲ ಸಲ ರೇಡಿಯೋದಲ್ಲಿ ಕೇಳಿ ಹಾಡುವವರು ಗಂಡಸರೆಂದು ತಿಳಿದವರು ಎಷ್ಟೋ ಮಂದಿ. ಹೆಸರನ್ನು ಕೇಳಿದ ಮೇಲೆ ಅವರು ಇನ್ನೊಮ್ಮೆ ಕಿವಿಗೊಟ್ಟು ಕೇಳಿದರು.

1945ರ ಸುಮಾರಿಗೆ ಅವರು ಮತ್ತೊಂದು ನಿರ್ಧಾರವನ್ನು ಮಾಡಿದರು. ಅಲ್ಲಿಯವರೆಗೆ ಭಜನೆ, ಠುಮರಿ ಮುಂತಾದ ಲಘುಗೀತಗಳನ್ನೂ ಹಾಡುತ್ತಿದ್ದವರು ಅವನ್ನು ಬಿಟ್ಟು, ಶುದ್ಧ ರಾಗಸಂಗೀತವನ್ನೇ ಹಿಡಿದರು. ಇದನ್ನು ನಾವು ಎರಡು ಕಡೆಯಿಂದಲೂ ನೋಡಬೇಕು. ಆ ಕಾಲದಲ್ಲಿ ಠುಮರಿಯೆಂದರೆ ಹಾಡುವ ಹೆಣ್ಣುಮಕ್ಕಳ ಪಾಲಿನದು, ಖ್ಯಾಲೆಂದರೆ ಉಸ್ತಾದರ ಪಾಲಿನದು ಎಂಬ ಭಾವನೆ ಬಲವಾಗಿತ್ತು. ಲಘುವಾದುದನ್ನು ತೊರೆಯುವುದೆಂದರೆ ಕೇಳುವವರ ಕಣ್ಣಿನಲ್ಲಿ ಮೇಲಿನ ಪೀಠಕ್ಕೆ ಏರುವುದು. ಇದರಿಂದ ಖ್ಯಾಲಿಗೆ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೌರವವನ್ನು ಪಡೆಯಲು ತಾಯಿಯು ತನ್ನ ಪದ್ಧತಿಯನ್ನು ಬಿಟ್ಟಳು, ಮಗಳು ತನ್ನ ಭಾವಗೀತಗಳನ್ನು ಬಿಟ್ಟಳು ಎಂಬ ಲೆಕ್ಕವನ್ನೂ ಇತಿಹಾಸವು ಬರೆದಿಟ್ಟುಕೊಳ್ಳಬೇಕು.

ಗೌರವದ ಪ್ರಶ್ನೆ ಆ ದಿನಗಳಲ್ಲಿ ಊಹೆಯ ವಿಷಯವಾಗಿರಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಸರದಾರ ವಲ್ಲಭಭಾಯಿ ಪಟೇಲರು ಪ್ರಸಾರಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬಾಳು ಲೋಕಾಪವಾದಕ್ಕೆ ಗುರಿಯಾದ ಹೆಂಗಸರನ್ನು ಆಕಾಶವಾಣಿಯಲ್ಲಿ ಹಾಡಿಸಕೂಡದೆಂಬ ನಿಯಮವು ಜಾರಿಗೆ ಬಂದಿತು. ನಾಡಿನ ಸಂಗೀತವನ್ನು ಶತಮಾನಗಳ ಕಾಲ ಕಂಠದಲ್ಲಿ ಹೊತ್ತು ತಂದವರಿಗೆ, ಆ ಸಂಗೀತವು ಮನೆಮನೆಗೆ ಹರಡುವ ಸಮಯದಲ್ಲಿ ಬಾಗಿಲು ಮುಚ್ಚಿತು. ನಾವು ರೇಡಿಯೋದಿಂದಲೇ ಮಾತನಾಡುತ್ತಿರುವುದರಿಂದ ಈ ಮಾತನ್ನು ಮರೆಮಾಡುವುದು ಸಲ್ಲದು. ರೇಡಿಯೋ ಕಂಠವನ್ನು ಮಾತ್ರ ಒಯ್ಯುವುದು. ಹಾಡುವವರ ಮುಖವನ್ನಾಗಲಿ, ಮನೆಯನ್ನಾಗಲಿ, ಕುಲವನ್ನಾಗಲಿ ಅದು ತೋರದು. ಯಂತ್ರಕ್ಕೆ ಇರುವ ಈ ನಿಷ್ಪಕ್ಷಪಾತವು ಯಂತ್ರವನ್ನು ನಡಸುವವರಿಗೆ ಬರಲು ಕಾಲ ಹಿಡಿಯಿತು.

ಗಂಗೂಬಾಯಿಯವರು ಮುಪ್ಪಿನಲ್ಲಿ ಒಂದು ವಿನೋದದ ಮಾತನ್ನು ಆಡುತ್ತಿದ್ದರು. ಗಾಯಕನು ಮುಸಲ್ಮಾನನಾದರೆ ಉಸ್ತಾದನಾಗುವನು, ಹಿಂದುವಾದರೆ ಪಂಡಿತನಾಗುವನು. ಕೇಸರಬಾಯಿ, ಮೋಗೂಬಾಯಿಯಂತಹವರು ಮಾತ್ರ ಕೊನೆಯವರೆಗೂ ಬಾಯಿಗಳಾಗಿಯೇ ಉಳಿಯುವರು ಎಂಬುದು ಅದರ ಸಾರಾಂಶ. ಅದರಲ್ಲಿ ದೂರೂ ಇಲ್ಲ, ಅಳುವೂ ಇಲ್ಲ. ಆದರೆ ಕೇಳಿದ ವಿದ್ವಾಂಸರು ತಲೆತಗ್ಗಿಸಬೇಕಾದಂತಹ ಮಾತು.

ಬಿರುದುಗಳೇನೋ ಬಂದವು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಹೊರದೇಶಗಳಲ್ಲಿಯೂ ಕಚೇರಿಗಳು ನಡೆದವು. ಗುರುಗಳ ಸ್ಮರಣಾರ್ಥ ಪುಣೆಯಲ್ಲಿ 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಅವರ ಹಾಡಿಕೆಯನ್ನು ಕಾದು ಕುಳಿತು ಕೇಳುವವರಿದ್ದರು. ಈ ಕಚೇರಿಗಳಲ್ಲಿ ಹಿಂದೆ ಕುಳಿತು ತಾಯಿಯೊಡನೆ ದನಿಗೂಡಿಸುತ್ತಿದ್ದವರು ಮಗಳು ಕೃಷ್ಣಾ ಹಾನಗಲ್. ತಾಯಿಯದು ಕೆಳಗಿನ ಗಂಭೀರ ಧ್ವನಿ, ಮಗಳದು ಅದರ ಮೇಲೆ ತೇಲುವ ತೆಳುವಾದ ಧ್ವನಿ. ಕಳೆದುಹೋದ ತನ್ನ ಎಳೆಯ ಕಂಠವೇ ಬೆನ್ನಹಿಂದೆ ಕುಳಿತು ಹಾಡುತ್ತಿರುವಂತೆ ತಾಯಿಗೆ ತೋರಿರಲೂಬಹುದು. ಒಬ್ಬ ಮಗಳಿಗಾಗಿ ಅಂಬಾಬಾಯಿ ಮೌನವಾದರು. ಇನ್ನೊಬ್ಬ ಮಗಳು ತಾಯಿಯ ನೆರಳಿನಲ್ಲಿ ನಿಂತು ಅವರ ಗಾನವನ್ನು ತುಂಬಿಕೊಟ್ಟಳು. ಕೃಷ್ಣಾ ಅವರು 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಆ ದುಃಖವನ್ನು ನುಂಗಿಕೊಂಡು, 2006ರಲ್ಲಿ, ತೊಂಬತ್ತಮೂರರ ವಯಸ್ಸಿನಲ್ಲಿ, ಗಂಗೂಬಾಯಿಯವರು ಕೊನೆಯ ಕಚೇರಿಯನ್ನು ಮಾಡಿದರು. 2009ನೆಯ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರ ದೇಹಾಂತವಾಯಿತು. ಮೈಸೂರಿನಲ್ಲಿ ಸ್ಥಾಪಿತವಾಗಿರುವ ಸಂಗೀತ ವಿಶ್ವವಿದ್ಯಾನಿಲಯವು ಅವರ ಹೆಸರನ್ನೇ ಹೊತ್ತಿದೆ.

ಈಗ ಮತ್ತೆ ರಾಜೇಶ್ವರದ ದಾರಿಗೆ ಬರೋಣ. ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಲ್ಯಾಣವನ್ನು ಸೋಮೇಶ್ವರನ ಹೆಸರಿನಿಂದ ಸ್ಮರಿಸುವರು. ಅದು ಯುಕ್ತವೇ. ಆದರೆ ಅವನು ತೀರಿಕೊಂಡು ಮೂವತ್ತು ವರ್ಷ ತುಂಬುವುದರೊಳಗೆ, ಅದೇ ಊರಿನಲ್ಲಿ, ಕಾಯಕವನ್ನು ನೋಡಬೇಕೇ ಹೊರತು ಕುಲವನ್ನು ನೋಡಕೂಡದೆಂದು ಬಸವಣ್ಣನವರೂ ಅವರ ಸಂಗಡಿಗರೂ ಸಾರಿದರು. ಅಗಸರು, ಅಂಬಿಗರು, ಮಾದಾರರು, ಹೆಂಗಸರು ಒಂದೇ ಕೂಟದಲ್ಲಿ ಕುಳಿತು ಮಾತನಾಡಿದರು. ಆ ಕೂಟವು ಬಹುಕಾಲ ಬಾಳಲಿಲ್ಲ, ರಕ್ತಪಾತದಲ್ಲಿ ಚೆದರಿಹೋಯಿತು. ಅದಾಗಿ ಏಳುನೂರೈವತ್ತು ವರ್ಷಗಳು ಕಳೆದ ಮೇಲೆ, ಬೆಳಗಾವಿಯ ಚಪ್ಪರದಲ್ಲಿ ಒಂದು ಮಗುವು ಎಂಜಲೆಲೆಗೆ ಹೆದರುತ್ತಿತ್ತೆಂದರೆ, ಕಲ್ಯಾಣದ ಮಾತು ನಾಡಿನಲ್ಲಿ ಎಷ್ಟು ದೂರ ನಡೆದಿತ್ತೆಂಬುದನ್ನು ನಾವೇ ಅಳೆದುಕೊಳ್ಳಬಹುದು.

ಗಂಗೂಬಾಯಿಯವರನ್ನು ಗೌರವಿಸಿ ಆ ಸಾಲವನ್ನು ತೀರಿಸಿದೆವೆಂದು ಕೆಲವರು ಭಾವಿಸುವರು. ನಮಗೆ ಅಷ್ಟು ನಿಶ್ಚಯವಿಲ್ಲ. ಅಸಾಧಾರಣ ಪ್ರತಿಭೆಯುಳ್ಳ ಒಬ್ಬರಿಗೆ ಹೊಸ್ತಿಲನ್ನು ಸರಿಸುವುದು ಸುಲಭ. ಅಂತಹ ಮನೆತನಗಳಲ್ಲಿ ಹುಟ್ಟಿ, ಒಳ್ಳೆಯ ಕಂಠವನ್ನು ಪಡೆದು, ಕುಂದಗೋಳದ ರೈಲು ದೊರೆಯದೆ ಮರೆಯಾದವರು ಎಷ್ಟು ಮಂದಿಯೋ. ಅವರ ಹೆಸರುಗಳನ್ನು ಯಾವ ತಟ್ಟೆಯೂ ಹಿಡಿದಿಟ್ಟಿಲ್ಲ. ಕುಟ್ಟುವಾಗ ಹಾಡಿದ ಹೆಂಗಸರನ್ನು ಸೋಮೇಶ್ವರನು ಹೆಸರಿಲ್ಲದೆಯಾದರೂ ಒಂದು ಸಾಲಿನಲ್ಲಿ ನೆನೆದನು. ಅಷ್ಟನ್ನಾದರೂ ನಾವು ಮಾಡಬೇಡವೇ?

ಶ್ರೋತೃಗಳಲ್ಲಿ ನಮ್ಮದೊಂದು ಬಿನ್ನಹ. ಗಂಗೂಬಾಯಿಯವರ ಎಳವೆಯ ತಟ್ಟೆಯೊಂದನ್ನೂ ಮುಪ್ಪಿನ ಧ್ವನಿಮುದ್ರಿಕೆಯೊಂದನ್ನೂ ಒಂದರ ಬೆನ್ನಿಗೆ ಒಂದನ್ನಿಟ್ಟು ಕೇಳಿ. ಮೊದಲನೆಯದರಲ್ಲಿ ಲೋಕವು ಬಯಸಿದ ಕಂಠವಿದೆ. ಎರಡನೆಯದರಲ್ಲಿ ರೋಗವು ಉಳಿಸಿಹೋದುದನ್ನು ಹಿಡಿದುಕೊಂಡು ಒಬ್ಬ ಹೆಂಗಸು ತಾನೇ ಕಟ್ಟಿಕೊಂಡ ಕಂಠವಿದೆ. ಎರಡಕ್ಕೂ ನಡುವೆ ರಾಗವು ಕೆಡದೆ ನಿಂತಿದೆ. ಯಾವುದು ಇಂಪಾದುದೆಂದು ನಾವು ತೀರ್ಪು ಹೇಳುವುದಿಲ್ಲ. ಕಿವಿಯಿದ್ದವರು ತಾವೇ ಕೇಳಿ ತಿಳಿಯಲಿ. ಕೇಳುವಾಗ, ಮಗಳಿಗಾಗಿ ಹಾಡುವುದನ್ನು ನಿಲ್ಲಿಸಿದ ಅಂಬಾಬಾಯಿಯವರನ್ನೂ ಒಂದು ಕ್ಷಣ ನೆನೆದರೆ, ಇಂದಿನ ನಮ್ಮ ಮಾತು ಸಾರ್ಥಕವಾಯಿತೆಂದು ಭಾವಿಸುವೆವು.